ಕೋಟೆಗೆ ತೋಟವೇ ಕಾವಲು

ಮುಂಬಯಿಯಲ್ಲಿ ಕೋಟೆಗಳಿವೆ ಎಂದರೆ ಆ ಊರಲ್ಲೇ ಹುಟ್ಟಿ ಬೆಳೆದವರೂ ಹುಬ್ಬೇರಿಸುತ್ತಾರೆ. ಗಗನಚುಂಬಿಗಳ ಸಂದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಮೀನುಗಾರರ ಕೇರಿಯ ತುದಿಯಲ್ಲಿ ಅವು ಇನ್ನೂ ನಿಂತಿವೆ. ಸುತ್ತ ಉದ್ಯಾನವೆದ್ದ ಕಡೆ ಕೋಟೆ ಉಳಿದಿದೆ, ಇಲ್ಲದ ಕಡೆ ನಲುಗಿದೆ. ಒಂದೂವರೆ ಶತಮಾನದ ಹಿಂದೆ ಜಪಾನ್ ಹಿಡಿದ ದಾರಿಯೂ ಇದೇ. ಸಯನ್ ಮತ್ತು ಬಾಂದ್ರಾದ ಎರಡು ಕೋಟೆಗಳಲ್ಲೊಂದು ಸುತ್ತು.

ರಾತ್ರಿಯೆಲ್ಲ ಹೊಯ್ದ ಮಳೆ ಬೆಳಗಾಗುವಷ್ಟರಲ್ಲಿ ಹೊಳವಾಗಿತ್ತು. ಸಯನ್‌ನ ಪಂಡಿತ ಜವಾಹರಲಾಲ್ ನೆಹರೂ ಉದ್ಯಾನದಲ್ಲಿ ಭಾನುವಾರದ ಜನ ಆಗಲೇ ನೆರೆದಿದ್ದರು. ಒಂದು ಮೂಲೆಯಲ್ಲಿ ನಗೆಕೂಟದವರು ಕೈಯೆತ್ತಿ ಗಹಗಹಿಸುತ್ತಿದ್ದರೆ, ಇನ್ನೊಂದೆಡೆ ಇಬ್ಬರು ಹಿರಿಯರು ಒದ್ದೆ ಬೆಂಚನ್ನು ಪತ್ರಿಕೆಯ ಹಾಳೆಯಲ್ಲಿ ಒರೆಸಿ ಕೂತರು. ಕೆಂಪು ರೇನ್‌ಕೋಟಿನ ಹುಡುಗನೊಬ್ಬ ಅಜ್ಜನ ಕೈ ಜಗ್ಗುತ್ತ ಉದ್ಯಾನದ ಹಿಂದಿನ ಗುಡ್ಡದತ್ತ ಬೆರಳು ಮಾಡಿದ. ಅಲ್ಲಿ, ಮಳೆಗೆ ಚಿಗಿತ ಗಿಡಗಂಟಿಗಳ ನಡುವೆ, ಪಾಚಿ ಹತ್ತಿದ ಕರಿಗಲ್ಲಿನ ಗೋಡೆ ಇಣುಕುತ್ತಿತ್ತು.

‘ಅಜ್ಜಾ, ಅಲ್ಲಿ ಮೇಲೆ ರಾಜ ಇದ್ದನಾ?’

‘ರಾಜ ಅಲ್ಲ ಮಾರಾಯ, ಕಂಪನಿಯವರ ಸಿಪಾಯಿಗಳು ಇದ್ದದ್ದು.’

‘ಯಾಕೆ?’

‘ಗಡಿ ಕಾಯಲಿಕ್ಕೆ. ಆ ರೈಲು ಹೋಗ್ತದಲ್ಲ, ಅದರಾಚೆ ಬೇರೆಯವರ ರಾಜ್ಯ ಆಗ.’

ಹುಡುಗ ಕುರ್ಲಾದ ಕಡೆಗೆ ಹೊರಟ ಲೋಕಲ್ ರೈಲನ್ನೇ ನೋಡುತ್ತ ನಿಂತ. ದಕ್ಷಿಣ ಕನ್ನಡದ ಮಾತಿನ ಆ ರಾಗ ಸಯನ್, ಮಾಟುಂಗಾ, ವಡಾಲಾ ಪಟ್ಟಿಯಲ್ಲಿ ಅಪರೂಪವೇನಲ್ಲ. ತಲೆಮಾರುಗಳಿಂದ ಇಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಿವೆ, ಸಭಾಗೃಹಗಳಿವೆ, ಗಣೇಶೋತ್ಸವಗಳಿವೆ. ಆದರೆ ಆ ಅಜ್ಜನ ಹಾಗೆ ಗುಡ್ಡದ ಕತೆಯನ್ನು ನಾಲ್ಕು ಮಾತಲ್ಲಿ ಹೇಳಬಲ್ಲವರು ಎಷ್ಟು ಮಂದಿ? ನಿತ್ಯ ಬೆಳಿಗ್ಗೆ ಉದ್ಯಾನದಲ್ಲಿ ನಡೆಯುವವರಲ್ಲೂ ಅನೇಕರು ಗುಡ್ಡ ಹತ್ತಿದವರಲ್ಲ.

ಬಳುವಳಿಯ ಜಗಳ

ಅಜ್ಜ ಹೇಳಿದ್ದು ಸರಿ. ಸಯನ್ ಕೋಟೆ ಹುಟ್ಟಿದ್ದೇ ಗಡಿಯ ಕಾರಣಕ್ಕೆ.

1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಕೊಡುವ ಒಪ್ಪಂದವಾಯಿತು. ಬಳುವಳಿಯಲ್ಲಿ ಮುಂಬಯಿಯೂ ಇತ್ತು. ಆದರೆ ಮುಂಬಯಿ ಎಂದರೆ ಎಷ್ಟು ನೆಲ, ಎಲ್ಲಿಂದ ಎಲ್ಲಿಯವರೆಗೆ? ಇಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ವರ್ಷಗಟ್ಟಲೆ ಜಗ್ಗಾಡಿದರು. ಇಂಗ್ಲಿಷರ ಕೈಗೆ ಊರು ಬರುವ ಹೊತ್ತಿಗೆ 1665 ಆಗಿತ್ತು. ಮೂರು ವರ್ಷದಲ್ಲೇ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಬಿಟ್ಟ.

ಆಗಿನ ಮುಂಬಯಿ ಒಂದೇ ನೆಲವಲ್ಲ, ಏಳು ದ್ವೀಪಗಳ ಗುಂಪು. ಸಯನ್ ಇದ್ದದ್ದು ಪರೇಲ್ ದ್ವೀಪದ ಉತ್ತರದ ತುದಿಯಲ್ಲಿ. ಅದರಾಚೆ ಕೆಸರು, ಕಾಂಡ್ಲಾ ಕಾಡು, ಉಪ್ಪುನೀರಿನ ಕಾಲುವೆ. ಕಾಲುವೆ ದಾಟಿದರೆ ಸಾಷ್ಟಿ ದ್ವೀಪ. ಇಂದಿನ ಕುರ್ಲಾ, ಅಂಧೇರಿ, ಬೊರಿವಲಿ ಎಲ್ಲವೂ ಆ ಸಾಷ್ಟಿಯಲ್ಲಿದ್ದವು, ಅದು ಪೋರ್ಚುಗೀಸರ ಕೈಯಲ್ಲೇ ಉಳಿದಿತ್ತು. ಠಾಣೆಯ ಬಳಿ ಅವರು ಮುಂಬಯಿಗೆ ಬರುವ ದೋಣಿಗಳನ್ನು ತಡೆದು ಸುಂಕ ವಸೂಲು ಮಾಡುತ್ತಿದ್ದರು. ಹೊಸ ಊರಿಗೆ ಅಕ್ಕಿ, ತರಕಾರಿ ಬರಬೇಕಾದದ್ದು ಅದೇ ದಾರಿಯಲ್ಲಿ. ಮದುವೆಯಿಂದ ಬೀಗರಾದವರು ನೆರೆಯಲ್ಲಿ ಹಗೆಗಳಾದರು.

1669ರಿಂದ 1677ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಜೆರಾಲ್ಡ್ ಆಂಜಿಯರ್ ಈ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ. ನ್ಯಾಯಾಲಯ, ಟಂಕಸಾಲೆಗಳನ್ನು ಕಟ್ಟಿ, ಬೇರೆ ಬೇರೆ ಊರುಗಳ ವ್ಯಾಪಾರಿಗಳನ್ನು ಕರೆಸಿ, ಮೀನುಗಾರರ ದ್ವೀಪಗಳನ್ನು ಪಟ್ಟಣವಾಗಿಸಲು ಹೊರಟ ಮನುಷ್ಯ ಆತ. ಪಟ್ಟಣ ಬೆಳೆಯಬೇಕಾದರೆ ಬಡಗಣ ಬಾಗಿಲಿಗೆ ಕಾವಲು ಬೇಕು ಎಂದು ಅವನಿಗೆ ಗೊತ್ತಿತ್ತು. ಮರಾಠಿಯಲ್ಲಿ ಈ ಜಾಗವನ್ನು ಇಂದಿಗೂ ಶೀವ ಎನ್ನುತ್ತಾರೆ, ಅಂದರೆ ಸೀಮೆ.

ಗುಡ್ಡದ ಮೇಲೆ

ಉದ್ಯಾನದಿಂದ ಮೆಟ್ಟಿಲು ಹಿಡಿದರೆ ತುದಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಂಬಯಿ ವೃತ್ತದ ಕಚೇರಿ ಇರುವುದೂ ಈ ಗುಡ್ಡದ ಮಗ್ಗುಲಲ್ಲೇ. ಕಾನ್ಹೇರಿ, ಎಲಿಫೆಂಟಾದಂಥ ಗುಹೆಗಳ ಆಡಳಿತ ನೋಡಿಕೊಳ್ಳುವ ಕಚೇರಿ ಅದು. ದಾರಿಯಲ್ಲಿ ತುಕ್ಕು ಹಿಡಿದ ಹಳೆಯ ಫಿರಂಗಿ ಸಿಗುತ್ತದೆ. ಮೇಲಿನ ದಾರಿ ಮಳೆಗಾಲದಲ್ಲಿ ಜಾರುತ್ತದೆ, ಗೋಡೆ ಹಿಡಿದೇ ನಡೆಯಬೇಕು.

ರಾಯಗಡವನ್ನೋ ಚಿತ್ರದುರ್ಗವನ್ನೋ ಮನಸ್ಸಿನಲ್ಲಿಟ್ಟು ಬಂದವರಿಗೆ ಸಯನ್ ಪುಟ್ಟದಾಗಿ ಕಂಡೀತು. ಇದು ರಾಜಧಾನಿಯಲ್ಲ, ಅಂತಃಪುರವಿಲ್ಲ, ಆನೆಬಾಗಿಲಿಲ್ಲ. ಬೆರಳೆಣಿಕೆಯ ಕೋಣೆಗಳು, ಸೂರು ಹಾರಿಹೋದ ಗೋಡೆಗಳು, ಬಂದೂಕಿನ ನಳಿಗೆ ಚಾಚಲು ಬಿಟ್ಟ ಕಂಡಿಗಳು. ಕಲ್ಲಿನ ಸಂದಿಯಲ್ಲಿ ಆಲದ ಬೇರು ಇಳಿದಿದೆ. ಕೈಗೆಟಕುವ ಕಡೆಯೆಲ್ಲ ಹೃದಯದ ಚಿತ್ರ, ಬಾಣ, ಜೋಡಿ ಹೆಸರುಗಳು. ಮುನ್ನೂರೈವತ್ತು ವರ್ಷದ ಕಲ್ಲಿನ ಮೇಲೆ ಸುಣ್ಣ, ಮಸಿ, ಮೊಳೆಯಿಂದ ಗೀರಿದ ಗಾಯಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಆದರೆ ಗೋಡೆಯ ಅಂಚಿಗೆ ಬಂದು ಕಣ್ಣು ಹಾಯಿಸಿದರೆ ಈ ಪುಟ್ಟ ಕೋಟೆಯ ಮರ್ಮ ತಿಳಿಯುತ್ತದೆ. ಉತ್ತರಕ್ಕೆ ಮೀಠಿ ನದಿಯ ಬಯಲು, ಕುರ್ಲಾ. ಪಶ್ಚಿಮಕ್ಕೆ ಧಾರಾವಿಯ ತಗಡಿನ ಸೂರುಗಳು, ಅವುಗಳಾಚೆ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಗೋಪುರಗಳು. ಪೂರ್ವಕ್ಕೆ ಟ್ರಾಂಬೆ ಗುಡ್ಡ. ಅಂದಿನ ಪಹರೆಯವನಿಗೆ ಸಾಷ್ಟಿಯಿಂದ ದಾಟಿ ಬರುವ ಒಂದೊಂದು ದೋಣಿಯೂ ಇಲ್ಲಿಂದ ಕಂಡಿರಬೇಕು. ಕೋಟೆಯ ಬಲ ಗೋಡೆಯ ದಪ್ಪದಲ್ಲಿರಲಿಲ್ಲ, ಈ ನೋಟದಲ್ಲಿತ್ತು.

ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. 1689ರಲ್ಲಿ ಜಂಜೀರಾದ ಸಿದ್ದಿ ಯಾಕೂತ್ ಖಾನ್ ಮೊಗಲರ ಪರವಾಗಿ ಮುಂಬಯಿಯ ಮೂಡಣ ದಂಡೆಯ ಶಿವಡಿಯಲ್ಲಿ ಪಡೆಯಿಳಿಸಿದ. ಮೊಗಲರ ಜೊತೆ ಕಂಪನಿ ಕಾಲು ಕೆರೆದು ತೆಗೆದ ಜಗಳದ ಫಲ ಅದು. ಮಜಗಾಂವ್ ಕೋಟೆ ಸಿದ್ದಿಯ ವಶವಾಯಿತು, ಮಾಹಿಮ್ ಬಿತ್ತು, ಇಂಗ್ಲಿಷರು ತಮ್ಮ ದೊಡ್ಡ ಕೋಟೆಯೊಳಗೆ ತಿಂಗಳುಗಟ್ಟಲೆ ಸಿಕ್ಕಿಬಿದ್ದರು. ಔರಂಗಜೇಬನ ಮುಂದೆ ಕ್ಷಮೆ ಕೇಳಿ ದಂಡ ತೆತ್ತ ಮೇಲೆ, 1690ರ ಜೂನ್‌ನಲ್ಲಿ ಸಿದ್ದಿ ಹಿಂದಿರುಗಿದ. ಹೋಗುವಾಗ ಮಜಗಾಂವ್ ಕೋಟೆಗೆ ಬೆಂಕಿಯಿಟ್ಟು ಹೋದ.

ಬೀಗರ ಎದುರುಬದುರು

ಸಯನ್ ನೋಡಿದವರು ಬಾಂದ್ರಾ ಕೋಟೆಯನ್ನೂ ನೋಡಬೇಕು. ಅದು ಇದೇ ಕತೆಯ ಇನ್ನೊಂದು ಕಡೆ.

ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್ ರಸ್ತೆ ಮುಗಿಯುವಲ್ಲಿ, ನೆಲವೂ ಮುಗಿಯುವಲ್ಲಿ, ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕ್ಯಾಸ್ಟೆಲ್ಲಾ ಡಿ ಅಗ್ವಾಡಾ ಇದೆ. ಹಡಗುಗಳಿಗೆ ಸಿಹಿನೀರು ಒದಗಿಸುವ ಒರತೆ ಇದ್ದ ಜಾಗ, ಅದೇ ಹೆಸರಾಯಿತು. ಗೋವಾದ ಅಗ್ವಾಡಾ ಕೋಟೆಯ ಹೆಸರಿನ ಮೂಲವೂ ಇದೇ. ಕೋಟೆ ಕಟ್ಟಿದಾಗ ಮುಂಬಯಿಯೂ ಪೋರ್ಚುಗೀಸರದೇ. ಬಳುವಳಿ ಕೊಟ್ಟ ಮೇಲೆ ಎದುರು ದಡ ಪರರದ್ದಾಯಿತು. ಕೊಲ್ಲಿಯ ಆಚೆ ಮಾಹಿಮ್‌ನಲ್ಲಿ ಇಂಗ್ಲಿಷರ ಕೋಟೆ, ಇನ್ನೂ ದಕ್ಷಿಣಕ್ಕೆ ವರ್ಲಿಯಲ್ಲಿ ಮತ್ತೊಂದು. ಬಾಂದ್ರಾದ ಬುರುಜಿನಲ್ಲಿ ನಿಂತರೆ ಇಂದಿಗೂ ಆ ದಿಕ್ಕಿಗೆ ನೋಟ ತೆರೆದಿದೆ. ನಡುವೆ 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸಮುದ್ರ ಸೇತುವೆ ಹಾದುಹೋಗುತ್ತದೆ. ಒಬ್ಬರನ್ನೊಬ್ಬರು ಕಾಯುತ್ತಿದ್ದ ಎರಡು ದಡಗಳ ನಡುವೆ ಈಗ ಕಾರುಗಳು ಎಡೆಬಿಡದೆ ಓಡುತ್ತವೆ.

1737ರಲ್ಲಿ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಸಾಷ್ಟಿಯ ಮೇಲೆ ದಂಡೆತ್ತಿ ಬಂದಾಗ ಎರಡೂ ಕಡೆಯವರಿಗೆ ನಡುಕ ಹುಟ್ಟಿತು. ಅದೇ ವರ್ಷ ಇಂಗ್ಲಿಷ್ ಗವರ್ನರ್ ಜಾನ್ ಹಾರ್ನ್ ಮೀಠಿ ನದಿಯ ದಂಡೆಯಲ್ಲಿ ರೀವಾ ಕೋಟೆ ಕಟ್ಟಿಸಿದ. ಈಗ ಅದು ಧಾರಾವಿ ಬಸ್ ಡಿಪೋದ ಹಿಂಬದಿಯ ಕಾಲಾ ಕಿಲ್ಲಾ. ಹಾರ್ನ್‌ನ ಹೆಸರೂ ಇಸವಿಯೂ ಇರುವ ಕಲ್ಲು ಗೋಡೆಯಲ್ಲಿದೆ. 1739ರ ಮೇ ತಿಂಗಳಲ್ಲಿ ವಸಾಯಿ ಕೋಟೆ ಮರಾಠರ ವಶವಾಯಿತು, ಸಾಷ್ಟಿಯ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ಬಾಂದ್ರಾ ಕೋಟೆ ಮರಾಠರ ಕೈಗೆ ಸಿಕ್ಕರೆ ತಮಗೇ ಮುಳುವಾದೀತೆಂಬ ಇಂಗ್ಲಿಷರ ಅಂಜಿಕೆಯಿಂದ ಅದರ ಬಹುಭಾಗವನ್ನು ಕೆಡವಲಾಯಿತು. ನಾವು ನೋಡುವುದು ಆ ಕೆಡವಿಕೆಯಲ್ಲಿ ಉಳಿದದ್ದನ್ನು.

1774ರ ಕೊನೆಯಲ್ಲಿ ಇಂಗ್ಲಿಷರು ಸಾಷ್ಟಿಯನ್ನೂ ಗೆದ್ದುಕೊಂಡರು. ಗಡಿ ಉತ್ತರಕ್ಕೆ ಸರಿಯಿತು. ಸಯನ್, ಮಾಹಿಮ್, ರೀವಾ ಕೋಟೆಗಳಿಗೆ ಕಾಯಲು ಏನೂ ಉಳಿಯಲಿಲ್ಲ. 1805ರ ಹೊತ್ತಿಗೆ ಸಯನ್‌ನಿಂದ ಕುರ್ಲಾಕ್ಕೆ ಕೆಸರಿನ ಮೇಲೆ ಕಟ್ಟುರಸ್ತೆ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಸಯನ್ ಗುಡ್ಡದ ಪಕ್ಕದಲ್ಲೇ ಹಾದು ಹಳೆಯ ಗಡಿಯನ್ನು ದಾಟಿತು.

*ಪೆಟ್ಟಿಗೆ*
ಹೊಟ್ಟೆಯೊಳಗೆ ನೀರು, ತಲೆಯ ಮೇಲೆ ತೋಟ
ಡಾಕ್‌ಯಾರ್ಡ್ ರೋಡ್ ನಿಲ್ದಾಣದ ಪಕ್ಕದ ಗುಡ್ಡದ ಮೇಲೆ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನವಿದೆ. ಬಂದರಿನ ಕ್ರೇನುಗಳ ಸಾಲು ಇಲ್ಲಿಂದ ಕಾಣುವಷ್ಟು ಚೆಂದ ಬೇರೆಲ್ಲೂ ಕಾಣದು. ಸಿದ್ದಿ ಯಾಕೂತ್ ಖಾನ್ ಬೆಂಕಿಯಿಟ್ಟ ಮಜಗಾಂವ್ ಕೋಟೆ ಇದ್ದದ್ದು ಈ ಗುಡ್ಡದಲ್ಲಿ. ಕೋಟೆ ಅಳಿಯಿತು, ಊರಿಗೆ ನೀರು ಕೊಡುವ ಜಲಾಗಾರ ಬಂತು, ಅದರ ಮೇಲೆ ಹುಲ್ಲುಹಾಸು. ಉದ್ಯಾನಕ್ಕೆ ಹೆಸರು ಕೊಟ್ಟ ಬ್ಯಾಪ್ಟಿಸ್ಟಾ, ಲೋಕಮಾನ್ಯ ತಿಲಕರ ಜೊತೆ ಹೋಂ ರೂಲ್ ಚಳವಳಿಯಲ್ಲಿ ದುಡಿದವರು, 1925ರಲ್ಲಿ ಮುಂಬಯಿಯ ಮೇಯರ್ ಆದವರು.

ಜಪಾನಿನ ಎರಡು ಆಜ್ಞೆಗಳು

ಈಗ ಸ್ವಲ್ಪ ದೂರ ಹೋಗಿ ಬರೋಣ. ವಸಂತ ಬಂತೆಂದರೆ ನಮ್ಮವರ ಮೊಬೈಲುಗಳ ತುಂಬ ಜಪಾನಿನ ಚೆರ್ರಿ ಹೂವಿನ ಚಿತ್ರಗಳು. ಬೆಂಗಳೂರಿನಿಂದ, ಮುಂಬಯಿಯಿಂದ ಆ ಹೂ ನೋಡಲೆಂದೇ ಹೋಗಿಬರುವವರಿದ್ದಾರೆ. ಆ ಚಿತ್ರಗಳಲ್ಲಿ ಹೂವಿನ ಹಿಂದೆ ಮತ್ತೆ ಮತ್ತೆ ಕಾಣುವುದು ಬಿಳಿ ಗೋಡೆಯ, ಅಂಚು ಮೇಲೆತ್ತಿದ ಸೂರುಗಳ ಕೋಟೆ. ಹೂದೋಟಕ್ಕೂ ಕೋಟೆಗೂ ಈ ನಂಟು ಬೆಸೆದದ್ದು ಎರಡು ಸರ್ಕಾರಿ ಆಜ್ಞೆಗಳು.

1868ರ ಮೇಜಿ ಕ್ರಾಂತಿಯ ಬಳಿಕ ಪಾಳೆಯಗಾರಿಕೆ ಮುಗಿದು ಸಾಮ್ರಾಟನ ಹೊಸ ಸರ್ಕಾರ ಬಂತು. ದೈಮ್ಯೋಗಳೆಂಬ ಹಳೆಯ ಪಾಳೆಯಗಾರರ ಕೋಟೆಗಳು ಅದಕ್ಕೆ ಬೇಡದ ಹೊರೆ. 1873ರ ಜನವರಿ 14ರಂದು ಹೊರಟ ಆಜ್ಞೆ ಸೇನೆಗೆ ಬೇಕಾದ ಕೋಟೆಗಳನ್ನು ಉಳಿಸಿಕೊಂಡು ಉಳಿದವನ್ನು ವಿಲೇವಾರಿ ಮಾಡಲು ಹೇಳಿತು. ಮರದ ತೊಲೆ, ಹೆಂಚು, ಕಬ್ಬಿಣ ಎಲ್ಲ ಹರಾಜಾಯಿತು. ಮರುದಿನ, ಜನವರಿ 15ರಂದು, ಇನ್ನೊಂದು ಆಜ್ಞೆ: ಜನ ಸೇರಿ ನಲಿಯುವ ಹೆಸರಾಂತ ತಾಣಗಳನ್ನು ಗುರುತಿಸಿ ಸಾರ್ವಜನಿಕ ಉದ್ಯಾನಗಳನ್ನಾಗಿ ಘೋಷಿಸಿ. ಹಲವು ಊರುಗಳಲ್ಲಿ ಮೊದಲನೆಯ ಆಜ್ಞೆಯಿಂದ ಅನಾಥವಾದ ನೆಲಕ್ಕೆ ಎರಡನೆಯ ಆಜ್ಞೆ ಆಸರೆಯಾಯಿತು.

ಶಿಕೋಕು ದ್ವೀಪದ ಕೋಚಿಯಲ್ಲಿ ಹಾಗೇ ಆಯಿತು. 1727ರ ಬೆಂಕಿಯಲ್ಲಿ ಸುಟ್ಟು, 1753ರ ಹೊತ್ತಿಗೆ ಮತ್ತೆ ಎದ್ದ ಅಲ್ಲಿನ ಕೋಟೆಯ ಬಹುತೇಕ ಕಟ್ಟಡಗಳನ್ನು ಕಿತ್ತುಹಾಕಿದರೂ, ನಡುವಿನ ಮುಖ್ಯ ಗೋಪುರ ಮತ್ತು ಮಹಾದ್ವಾರ ಉದ್ಯಾನದೊಳಗೆ ಉಳಿದವು. ಇಡೀ ಜಪಾನಿನಲ್ಲಿ ಮೇಜಿಗಿಂತ ಹಿಂದಿನ ಮೂಲ ಗೋಪುರ ಹಾಗೇ ಉಳಿದಿರುವ ಕೋಟೆಗಳು 12 ಮಾತ್ರ. ನಗೋಯಾದಂಥವು 1945ರ ಬಾಂಬಿಗೆ ಉರಿದವು. ಒಸಾಕಾದಲ್ಲಿ ಪ್ರವಾಸಿಗರು ಹತ್ತುವ ಗೋಪುರ 1931ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ್ದು.

ನನ್ನ ಮನಸ್ಸು ಹೆಚ್ಚು ತಂಗುವುದು ಉತ್ತರದ ಹಿರೊಸಾಕಿಯಲ್ಲಿ. ಅಲ್ಲಿನ ಮೂರಂತಸ್ತಿನ ಗೋಪುರ 1810ರಲ್ಲಿ ಕಟ್ಟಿದ್ದು. ಕೋಟೆಯ ನೆಲ 1895ರಲ್ಲಿ ಉದ್ಯಾನವಾಗಿ ಜನರಿಗೆ ತೆರೆಯಿತು. ಈಗ ಸುಮಾರು 2,600 ಚೆರ್ರಿ ಮರಗಳಿವೆ. ಹೂವಿನ ಪಕಳೆಗಳು ಉದುರಿ ಕಂದಕದ ನೀರು ಗುಲಾಬಿ ಬಣ್ಣಕ್ಕೆ ತಿರುಗುವ ಚಿತ್ರ ನೀವು ನೋಡಿದ್ದರೆ, ಅದು ಹೆಚ್ಚಾಗಿ ಹಿರೊಸಾಕಿಯದೇ. ಗೋಪುರದ ಅಡಿಯ ಕಲ್ಲುಗೋಡೆ ಉಬ್ಬಿ ಕುಸಿಯುವ ಸೂಚನೆ ಕಂಡಾಗ ಅಲ್ಲಿಯವರು ಏನು ಮಾಡಿದರು ಗೊತ್ತೆ? 2015ರಲ್ಲಿ ಸುಮಾರು 400 ಟನ್ ತೂಕದ ಇಡೀ ಗೋಪುರವನ್ನು ಬಿಚ್ಚದೆ ಎತ್ತಿ, ಹಳಿಯ ಮೇಲೆ ಸುಮಾರು 70 ಮೀಟರ್ ಆಚೆ ಸರಿಸಿದರು. ಊರಿನ ಜನರನ್ನೂ ಕರೆದು ಹಗ್ಗ ಎಳೆಸಿದರು. ನಮ್ಮಲ್ಲಿ ತೇರು ಎಳೆಯುವ ಹಾಗೆ, ಮಕ್ಕಳು ಮುದುಕರೆನ್ನದೆ ಸಾಲಾಗಿ ನಿಂತು ಎಳೆದರು. ಅಡಿಪಾಯದ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಮತ್ತೆ ಜೋಡಿಸುವ ಕೆಲಸ ಆ ಬಳಿಕ ನಡೆಯಿತು.

ಮಾತ್ಸುಮೊಟೊದ ಕತೆ ಇನ್ನೂ ಮುದ ನೀಡುವಂಥದ್ದು. ಹರಾಜಾಗಿ ಕೆಡವುವವರ ಕೈಗೆ ಹೋಗಲಿದ್ದ ಅಲ್ಲಿನ ಕಪ್ಪು ಗೋಪುರವನ್ನು ಇಚಿಕಾವಾ ರ್ಯೋಜೊ ಎಂಬ ನಾಗರಿಕ ಬಿಡಿಸಿಕೊಂಡ. ಗೋಪುರದೊಳಗೇ ವಸ್ತುಪ್ರದರ್ಶನಗಳನ್ನು ಏರ್ಪಡಿಸಿ ಹಣ ಕೂಡಿಸಿದ. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ. ಆಜ್ಞೆ ಸರ್ಕಾರದ್ದಾದರೂ ಕೋಟೆ ಉಳಿದದ್ದು ಊರಿನವನೊಬ್ಬ ಕೈಹಾಕಿದ್ದಕ್ಕೆ.

ಗೋಡೆ ಕೆಡವಿ ಮೈದಾನ

ಜಪಾನಿಗಿಂತ ಹತ್ತು ವರ್ಷ ಮೊದಲೇ ಮುಂಬಯಿಯೂ ತನ್ನ ದೊಡ್ಡ ಕೋಟೆಯನ್ನು ಕೆಡವಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಗವರ್ನರ್ ಬಾರ್ಟಲ್ ಫ್ರೆರೆ 1860ರ ದಶಕದಲ್ಲಿ ಪಟ್ಟಣದ ಸುತ್ತಲಿನ ಗೋಡೆ, ಬಾಗಿಲು, ಕಂದಕಗಳನ್ನು ತೆಗೆಸಿಹಾಕಿದ. ಚರ್ಚ್‌ಗೇಟ್ ನಿಲ್ದಾಣದಲ್ಲಿ ನಿತ್ಯ ಇಳಿಯುವ ಲಕ್ಷಾಂತರ ಜನರಿಗೆ ಹೆಸರಿನಲ್ಲಷ್ಟೇ ಗೊತ್ತಿರುವ ಆ ಗೇಟು ಈಗಿಲ್ಲ. ಅದು ಇದ್ದ ಕಡೆ ಫ್ಲೋರಾ ಕಾರಂಜಿ ಚಿಮ್ಮುತ್ತದೆ. ಫಿರಂಗಿಯ ಗುಂಡಿಗೆ ಅಡ್ಡಿಯಾಗಬಾರದೆಂದು ಬಯಲಾಗಿಟ್ಟಿದ್ದ ಎಸ್ಪ್ಲನೇಡ್ ನೆಲ ಓವಲ್, ಕ್ರಾಸ್, ಆಜಾದ್ ಮೈದಾನಗಳಾಗಿ ಒಡೆಯಿತು. ಹುಡುಗರು ಕ್ರಿಕೆಟ್ ಆಡುವ ಆ ಬಯಲುಗಳು ಕೋಟೆಯ ಕೊಡುಗೆ ಎಂಬುದನ್ನು ಮರೆಯಬಾರದು. ಗೋಡೆಯ ತುಣುಕೊಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಉಳಿದುಕೊಂಡಿದೆ, ಅಷ್ಟೇ.

ಹೊರವಲಯದ ಕೋಟೆಗಳನ್ನು ಆಗ ಯಾರೂ ಕೆಡವಲಿಲ್ಲ, ಯಾರೂ ನೋಡಲೂ ಇಲ್ಲ. ಊರು ಉಕ್ಕಿ ಅವುಗಳ ಮೇಲೆ ಹರಿಯಿತು. ಮಾಹಿಮ್ ಕೋಟೆಯ ಒಳಗೆ ದಶಕಗಳ ಕಾಲ ಜನ ಮನೆ ಮಾಡಿಕೊಂಡಿದ್ದರು. ಇತ್ತೀಚಿನ ವರ್ಷಗಳಲ್ಲಷ್ಟೇ ಪಾಲಿಕೆ ಅವರಿಗೆ ಬೇರೆಡೆ ವಸತಿ ಕೊಟ್ಟು ಕೋಟೆಯನ್ನು ತೆರವು ಮಾಡಿತು. ಅಷ್ಟರಲ್ಲಿ ಅಲೆಗಳು ಗೋಡೆಯ ಬುಡವನ್ನು ಕೊರೆದಿದ್ದವು. ಧಾರಾವಿಯ ರೀವಾ ಕೋಟೆಯ ಸ್ಥಿತಿಯಂತೂ ಹೇಳುವುದೇ ಬೇಡ. ಅದಕ್ಕೆ ತುಸು ದೂರದಲ್ಲಿ ಕಸದ ಗುಡ್ಡೆಯನ್ನೇ ಕಾಡಾಗಿ ಬೆಳೆಸಿದ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಕಸದ ರಾಶಿಯನ್ನು ಹಸಿರಾಗಿಸಲು ಬಲ್ಲ ಊರಿಗೆ ಪಕ್ಕದ ಕೋಟೆಯ ಸುತ್ತ ನಾಲ್ಕು ಮರ ನೆಡುವುದು ಆಗದ ಮಾತೇ?

*ಪೆಟ್ಟಿಗೆ*
ನೂರು ಮೀಟರ್
ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸ್ಮಾರಕದ ಮೇರೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಡಿಯ ಲೆಕ್ಕದಲ್ಲಿ ನೆಲ ಮಾರುವ ಮುಂಬಯಿಯಂಥ ಊರಲ್ಲಿ ಹಳೆಯ ಕಲ್ಲಿಗೆ ಉಸಿರಾಡಲು ಜಾಗ ಬಿಡಿಸುವ ದೊಡ್ಡ ಆಧಾರ ಇದು.

ಬಾಂದ್ರಾ ಕಲಿಸಿದ್ದು

ಬಾಂದ್ರಾ ಕೋಟೆಯೂ ಮಾಹಿಮ್, ರೀವಾಗಳ ಹಾದಿ ಹಿಡಿಯಬಹುದಿತ್ತು. 1830ರಲ್ಲಿ ಪಾರ್ಸಿ ಶ್ರೀಮಂತ ಬೈರಾಮ್‌ಜಿ ಜೀಜೀಭಾಯ್ ಸಾಷ್ಟಿಯ ದೊಡ್ಡ ಭಾಗವನ್ನೇ ಪಡೆದಾಗ ಈ ಭೂಶಿರವೂ ಅವರಿಗೆ ಸೇರಿತು. ಅವರು ಇಲ್ಲೇ ಮನೆ ಕಟ್ಟಿಸಿಕೊಂಡರು. ಆ ಬಳಿಕ ದೊಡ್ಡ ಹೋಟೆಲು ಬಂತು, ರಸ್ತೆ ಬಂತು. ಕೋಟೆಯ ಕಮಾನು ಬಾಗಿಲು ಇಂದೋ ನಾಳೆಯೋ ಎನ್ನುವಂತಿತ್ತು. ಭರತದ ನೀರು ಅಡಿಪಾಯವನ್ನು ತಿನ್ನುತ್ತಿತ್ತು.

2003ರಲ್ಲಿ ಬ್ಯಾಂಡ್‌ಸ್ಟ್ಯಾಂಡ್ ನಿವಾಸಿಗಳ ಟ್ರಸ್ಟ್ ಕೈಹಾಕಿತು. ಆಗ ರಾಜ್ಯಸಭೆಯಲ್ಲಿದ್ದ ಶಬಾನಾ ಆಜ್ಮಿ ತಮ್ಮ ನಿಧಿಯಿಂದ ಖರ್ಚಿನ ಒಂದು ಪಾಲು ಕೊಟ್ಟರು. ವಾಸ್ತುಶಿಲ್ಪಿ ಪಿ.ಕೆ. ದಾಸ್ ಬಂಡೆಗಳನ್ನು ಒಡೆಯಲಿಲ್ಲ, ಇದ್ದ ಮಟ್ಟಗಳನ್ನು ತಗ್ಗಿಸಲಿಲ್ಲ. ಇಳಿಜಾರನ್ನೇ ಬಳಸಿ ಕಾಲುದಾರಿ ಮಾಡಿದರು, ಮೆಟ್ಟಿಲುಗಳ ಬಯಲು ರಂಗಮಂದಿರ ಕಟ್ಟಿದರು. ಕಮಾನು ಭದ್ರವಾಯಿತು, ಅಡಿಪಾಯದ ಕಲ್ಲುಗಳಿಗೆ ಮತ್ತೆ ಗಾರೆ ಬಿತ್ತು. ಸಂಜೆ ಸಂಗೀತ ಶುರುವಾಯಿತು. ಜನ ಬರತೊಡಗಿದರು. ಜನ ಬಂದ ಮೇಲೆ ಕೋಟೆಯನ್ನು ಕದಿಯುವುದು, ಒತ್ತುವುದು ಕಷ್ಟ.

ಕನ್ನಡದ ಓದುಗರಿಗೆ ಈ ದಾರಿಯ ಇನ್ನೊಂದು ಆಕರ್ಷಣೆಯನ್ನು ಹೇಳದೆ ಮುಂದೆ ಹೋಗಲಾರೆ. ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ಬದುಕಿದ್ದು ಇದೇ ಬ್ಯಾಂಡ್‌ಸ್ಟ್ಯಾಂಡಿನ ಸಮುದ್ರಕ್ಕೆ ಎದುರಾದ ಮನೆಯಲ್ಲಿ. ಹನೇಹಳ್ಳಿಯಿಂದ ಹೊರಟ ಅವರ ಕತೆಗಳು ಮುಂಬಯಿ ಮುಟ್ಟಿದಾಗ ಹಿನ್ನೆಲೆಯಲ್ಲಿ ಭೋರ್ಗರೆಯುವ ಕಡಲು ಈ ಕೋಟೆಯ ಬುಡಕ್ಕೆ ಬಡಿಯುವ ಕಡಲೇ. ಚಿತ್ತಾಲರನ್ನು ಓದಿಕೊಂಡವರು ಕೋಟೆಗೆ ಬಂದಾಗ ಆ ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಾರೆ.

ಕೋಟೆಯೊಂದು ತೋಟದ ಮಡಿಲಲ್ಲಿ ಉಳಿಯುವುದು ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡ ಗೋಪುರವನ್ನು ನೆನೆಯಿರಿ. ಹೈದರಲಿ ಎಬ್ಬಿಸಿದ ಆ ಉದ್ಯಾನ ಸುತ್ತ ಇರದಿದ್ದರೆ ಆ ಪುಟ್ಟ ಗೋಪುರ ಇಂದಿಗೂ ಅಷ್ಟು ನಿರಾಳವಾಗಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತಿತ್ತೆ?

ಆದರೆ ತೋಟ ಒಂದೇ ಸಾಲದು ಎಂಬುದಕ್ಕೂ ಮುಂಬಯಿಯಲ್ಲೇ ಸಾಕ್ಷಿಯಿದೆ. ಮಜಗಾಂವ್‌ನಲ್ಲಿ ತೋಟವಿದೆ, ಕೋಟೆಯಿಲ್ಲ. ಸಯನ್‌ನಲ್ಲಿ ಕೆಳಗಿನ ತೋಟ ನಳನಳಿಸುತ್ತದೆ, ಮೇಲಿನ ಕೋಟೆ ಕಳೆಗುಂದಿದೆ. ತೋಟ ಕೋಟೆಯನ್ನು ಒತ್ತುವರಿಯಿಂದ ಕಾಯುತ್ತದೆ, ಮರೆವಿನಿಂದ ಕಾಯಲಾರದು. ಗುಡ್ಡ ಹತ್ತುವ ಹುಡುಗ ಹುಡುಗಿಯರಿಗೆ ಇದು ಯಾರು ಕಟ್ಟಿದ್ದು, ಏಕೆ ಕಟ್ಟಿದ್ದು ಎಂದು ಮನಮುಟ್ಟುವಂತೆ ಹೇಳುವವರಿಲ್ಲ. ಕತೆ ಗೊತ್ತಿದ್ದರೆ ಎಷ್ಟೋ ಮಂದಿ ಮೊಳೆಯನ್ನು ಜೇಬಿನಲ್ಲೇ ಬಿಡುತ್ತಿದ್ದರು ಎಂದು ನಾನು ನಂಬುತ್ತೇನೆ.

ಹನ್ನೆರಡರ ಬೆಳಕಿನಲ್ಲಿ

2025ರ ಜುಲೈನಲ್ಲಿ ಮರಾಠರ ಸೈನಿಕ ಭೂದೃಶ್ಯಗಳು ಎಂಬ ಹೆಸರಿನಲ್ಲಿ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮಹಾರಾಷ್ಟ್ರದ 11, ತಮಿಳುನಾಡಿನ ಸೆಂಜಿ ಒಂದು. ಅವುಗಳಲ್ಲೊಂದು ಮುಂಬಯಿಯ ದಕ್ಷಿಣಕ್ಕೆ ಕಡಲಲ್ಲಿರುವ ಖಾಂದೇರಿ. 1679ರಲ್ಲಿ ಶಿವಾಜಿಯ ಜನ ಆ ನಡುಗಡ್ಡೆಯಲ್ಲಿ ಕೋಟೆ ಕಟ್ಟತೊಡಗಿದಾಗ ಇಂಗ್ಲಿಷರೂ ಸಿದ್ದಿಯೂ ಸೇರಿ ತಡೆಯಲು ಹೆಣಗಿದರು, ಆಗಲಿಲ್ಲ. ಈ ಮನ್ನಣೆಯ ಬಳಿಕ ಮಹಾರಾಷ್ಟ್ರದಲ್ಲಿ ಕೋಟೆಗಳ ಬಗ್ಗೆ ಮಾತು ಹೆಚ್ಚಿದೆ.

ಸಯನ್, ಬಾಂದ್ರಾ, ಶಿವಡಿಯ ಕೋಟೆಗಳು ಆ ಎತ್ತರದವಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಖಾಂದೇರಿಯ ಕತೆ ಪೂರ್ತಿಯಾಗಬೇಕಾದರೆ ಎದುರಾಳಿಯ ಕೋಟೆಗಳೂ ಬೇಕು. ಲೋಕಲ್ ರೈಲಿನ ಟಿಕೆಟಿನಲ್ಲಿ ಮುಟ್ಟಬಹುದಾದ ಕೋಟೆಗಳು ಇವು. ಮಗುವೊಂದು ಮೊದಲು ನೋಡುವ ಕೋಟೆ ಇವುಗಳಲ್ಲೊಂದೇ ಆಗಿರಬಹುದು.

*ಪೆಟ್ಟಿಗೆ*
ಹೋಗುವವರಿಗೆ
ಸಯನ್ ಕೋಟೆಗೆ ಮಧ್ಯ ರೈಲ್ವೆಯ ಸಯನ್ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ನಡೆಯಬಹುದು. ಬಾಂದ್ರಾ ಕೋಟೆಗೆ ಬಾಂದ್ರಾ ನಿಲ್ದಾಣದ ಪಶ್ಚಿಮದಿಂದ ರಿಕ್ಷಾ, ಬಸ್ಸು ಎರಡೂ ಇವೆ. ಶಿವಡಿ ಕೋಟೆ ಹಾರ್ಬರ್ ಮಾರ್ಗದಲ್ಲಿದೆ. ಚಳಿಗಾಲದಲ್ಲಿ ಹೋದರೆ ಕೆಳಗಿನ ಕೆಸರು ಬಯಲಲ್ಲಿ ರಾಜಹಂಸಗಳ ಹಿಂಡು ಕಾಣಸಿಗುತ್ತದೆ. ಡಾಕ್‌ಯಾರ್ಡ್ ರೋಡ್ ಅದೇ ಮಾರ್ಗದಲ್ಲಿ ಮುಂದಿದೆ. ಮಳೆಗಾಲದಲ್ಲಿ ಹಿಡಿತವಿರುವ ಬೂಟು ಇರಲಿ, ಸಮುದ್ರದ ಬಂಡೆಗಳಿಗೆ ಇಳಿಯಬೇಡಿ.

ಪುರಾತತ್ವ ಇಲಾಖೆ 2023ರ ಸೆಪ್ಟೆಂಬರ್‌ನಲ್ಲಿ ‘ಪರಂಪರೆಯ ದತ್ತು’ ಯೋಜನೆಯ ಎರಡನೇ ರೂಪವನ್ನು ಹೊರತಂದಿತು. ಸಂಸ್ಥೆಗಳು ಸ್ಮಾರಕವೊಂದನ್ನು ಆರಿಸಿಕೊಂಡು ಅಲ್ಲಿ ನೀರು, ದಾರಿ, ಫಲಕ, ಬೆಳಕಿನಂಥ ಸೌಕರ್ಯಗಳನ್ನು ಒದಗಿಸಬಹುದು. ದೊಡ್ಡ ಕಂಪನಿಗಳಿಗೆ ತಾಜಮಹಲಿನಂಥವು ಮೊದಲು ಕಣ್ಣಿಗೆ ಬೀಳುತ್ತವೆ. ಸಯನ್ ಗುಡ್ಡಕ್ಕೆ ಅದರ ನೆರೆಯವರೇ ಆಗಬೇಕು.

ನೆರೆಯವರಲ್ಲಿ ಕನ್ನಡಿಗರು ಕಡಿಮೆಯೇನಿಲ್ಲ. ಸಯನ್‌ನಲ್ಲೇ ಗೋಕುಲ ಎಂಬ ಕನ್ನಡಿಗರ ಸಂಸ್ಥೆ ಇದೆ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳಿವೆ. ಉಪನ್ಯಾಸ, ಯಕ್ಷಗಾನ, ಪುಸ್ತಕ ಬಿಡುಗಡೆಗೆ ವರ್ಷವಿಡೀ ಸಭಾಂಗಣ ತುಂಬುವ ಸಂಘಗಳು ಇವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರಿಂದ ಮುಂಬಯಿ ಕನ್ನಡ ಬೆಳೆದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹುಡುಗರಿಗೆ ಅನ್ನ, ಅಕ್ಷರ ಕೊಟ್ಟ ಊರಿನ ಗಡಿಗೋಡೆ ಈ ಸಯನ್ ಕೋಟೆ. ಮಳೆ ನಿಂತು ಕಲ್ಲು ಒಣಗುವ ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ತಿಂಗಳಿಗೊಂದು ಭಾನುವಾರ, ಪಾಲಿಕೆಯ ಕನ್ನಡ ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು ಈ ಕತೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಹೇಳುವ ಕೆಲಸವನ್ನು ಈ ಸಂಘಗಳು ಹೊತ್ತುಕೊಳ್ಳಲಿ. ಪುರಾತತ್ವ ಇಲಾಖೆಯ ಕಚೇರಿ ಅದೇ ಗುಡ್ಡದ ಮಗ್ಗುಲಲ್ಲಿರುವಾಗ ಅನುಮತಿ ಕೇಳಲು ದೂರ ಹೋಗಬೇಕಾಗಿಯೂ ಇಲ್ಲ.